ಇನ್ನೂರ ಹದಿನಾಲ್ಕನೇ ಟೋಕನ್

1998ರಲ್ಲಿ ನಾನು ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ತೌಡಿನೆಣ್ಣೆ ಕಾರ್ಖಾನೆಯಲ್ಲಿ ಸಿಸ್ಟಮ್ಸ್ ಇನ್‌ಚಾರ್ಜ್ ಆಗಿದ್ದೆ. ಇನ್‌ಚಾರ್ಜ್ ಎಂದ ಮಾತ್ರಕ್ಕೆ ಕೈಕೆಳಗೆ ನಾಲ್ಕು ಜನ ಇದ್ದರೆಂದು ತಿಳಿಯಬೇಡಿ. ಒಂದು ಸರ್ವರ್, ಒಂಬತ್ತು ಟರ್ಮಿನಲ್, ಎರಡು ಪ್ರಿಂಟರ್, ಇವುಗಳನ್ನು ಕಾಯಲು ನಾನೊಬ್ಬ. ನೆಂಟರ ಮದುವೆಗಳಲ್ಲಿ ಯಾರಾದರೂ ಕೆಲಸದ ಬಗ್ಗೆ ಕೇಳಿದರೆ, ಪಕ್ಕದಲ್ಲಿದ್ದವರು ನನಗಿಂತ ಮೊದಲೇ ‘ತೌಡು ಕುಟ್ಟೋ ಕೆಲಸ’ ಎಂದು ನಗುತ್ತಿದ್ದರು. ನಾವು ತೌಡನ್ನು ಕುಟ್ಟುವುದಿಲ್ಲ, ಅದರಿಂದ ಎಣ್ಣೆ ತೆಗೆಯುತ್ತೇವೆ ಎಂದು ಹೇಳಿ ಹೇಳಿ ನನಗೂ ಸಾಕಾಗಿತ್ತು. ಆ ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾಯಿತು. ಅದರ ಹೆಸರು ಇಲ್ಲಿ ಬೇಡ.

ನಮಗೆ ತೌಡು ಬರುತ್ತಿದ್ದದ್ದು ಬಹುಪಾಲು ತಿ. ನರಸೀಪುರದ ಕಡೆಯ ಅಕ್ಕಿ ಗಿರಣಿಗಳಿಂದ. ತೌಡು ಬಹಳ ಅವಸರದ ಸರಕು. ಗಿರಣಿಯಿಂದ ಹೊರಬಿದ್ದ ಗಳಿಗೆಯಿಂದಲೇ ಅದರೊಳಗಿನ ಎಣ್ಣೆ ಹುಳಿಯಾಗುತ್ತಾ ಹೋಗುತ್ತದೆ. ಆದ್ದರಿಂದ ನರಸೀಪುರದಲ್ಲೇ ಒಂದು ಡಿಪೊ ಇತ್ತು. ಲಾರಿಗೆ ತುಂಬುವ ಮುಂಚೆ ಅಲ್ಲೊಂದು ಪರೀಕ್ಷೆ, ನಂಜನಗೂಡಿಗೆ ಬಂದಮೇಲೆ ಇಲ್ಲೊಂದು ಪರೀಕ್ಷೆ. ಇಲ್ಲಿನ ಫಲಿತಾಂಶ ಮಾರನೆಯ ದಿನ ಡಿಪೊದ ಬೋರ್ಡಿನ ಮೇಲೆ ಅಂಟಬೇಕು, ಯಾವ ಗಿರಣಿಯ ತೌಡು ಚೆನ್ನಾಗಿದೆ ಎಂದು ಎಲ್ಲರಿಗೂ ತಿಳಿಯಬೇಕು. ಡಿಪೊದಲ್ಲೂ ನಾನು ಒಂದು ಸಣ್ಣ ಸರ್ವರ್ ಇಟ್ಟಿದ್ದೆ. ಎರಡನ್ನೂ ಟೆಲಿಫೋನ್ ತಂತಿಯಲ್ಲಿ ಜೋಡಿಸಬೇಕೆಂಬ ಆಸೆ ಇತ್ತು. ಮೋಡೆಮ್ ಮಾತ್ರ ಕಿರುಚಿ ಕಿರುಚಿ ಸುಮ್ಮನಾಗುತ್ತಿತ್ತು. ಕೊನೆಗೆ ತೌಡು ಇಳಿಸಿ ಬರಿದಾಗಿ ವಾಪಸಾಗುವ ಲಾರಿಯ ಡ್ರೈವರ್ ಕೈಯಲ್ಲಿ ಒಂದು ಫ್ಲಾಪಿ ಕೊಟ್ಟು ಕಳಿಸುವುದೇ ನಮ್ಮ ನೆಟ್‌ವರ್ಕ್ ಆಯಿತು. ಡಿಪೊದ ಫಲಿತಾಂಶವೂ ತೌಡು ತರುವ ಲಾರಿಯಲ್ಲಿ ಹೀಗೇ ಫ್ಲಾಪಿಯಲ್ಲಿ ಬರುತ್ತಿತ್ತು. ಅದು ಒಂದು ದಿನವೂ ತಪ್ಪಲಿಲ್ಲ.

ಮುಂದೆ ನಡೆದದ್ದು ಅರ್ಥವಾಗಬೇಕಾದರೆ ಬಳಕೆದಾರರ ಖಾತೆ ಎಂದರೇನೆಂದು ಎರಡು ಮಾತು ಹೇಳಬೇಕು. ಒಬ್ಬರು ಸರ್ವರ್ ಬಳಸಬೇಕಾದರೆ ಅವರಿಗೆ ನಾನು ಒಂದು ಯೂಸರ್ ಅಕೌಂಟ್ ತೆರೆಯಬೇಕು. ಜತೆಗೆ ಅವರ ಕಡತಗಳನ್ನು ಇಟ್ಟುಕೊಳ್ಳಲು ಒಂದು ಹೋಮ್ ಡೈರೆಕ್ಟರಿ ಕೊಡಬೇಕು. ನಮ್ಮಲ್ಲಿ ಎಲ್ಲರೂ ಅದನ್ನು ‘ಮನೆ’ ಎಂದೇ ಕರೆಯುತ್ತಿದ್ದರು. ಆದರೆ ಯುನಿಕ್ಸ್ ಎಂಬ ಆ ವ್ಯವಸ್ಥೆಗೆ ನಿಮ್ಮ ಹೆಸರು ಮುಖ್ಯವಲ್ಲ. ಪ್ರತಿಯೊಬ್ಬರಿಗೂ ಒಂದು ನಂಬರ್ ಇರುತ್ತದೆ. ನೀವು ಬರೆದ ಕಡತದ ಮೇಲೆ ಬೀಳುವ ಮುದ್ರೆ ಆ ನಂಬರಿನದು. ಹೆಸರು ಬೇಕಾದಾಗ ಯಂತ್ರ ತನ್ನಲ್ಲಿರುವ ಪಟ್ಟಿ ತೆರೆದು, ಈ ನಂಬರ್ ಯಾರದೆಂದು ನೋಡಿ ಹೇಳುತ್ತದೆ. ನಂಜನಗೂಡಿನ ಯಂತ್ರದಲ್ಲಿ ಒಂದು ಪಟ್ಟಿ ಇತ್ತು, ನರಸೀಪುರದ ಯಂತ್ರದಲ್ಲಿ ಅದರದೇ ಇನ್ನೊಂದು ಪಟ್ಟಿ ಇತ್ತು. ಎರಡೂ ಒಂದೇ ಥರ ಇರುವಂತೆ ನೋಡಿಕೊಳ್ಳುವುದು ನನ್ನ ಹೊಣೆ.

ನಂಬರುಗಳನ್ನು ಎಲ್ಲಿಂದ ತರುವುದು ಎಂಬ ಪ್ರಶ್ನೆ ಬಂದಾಗ ನನಗೆ ಜಾಣತನ ಹೊಳೆಯಿತು. ಕಾರ್ಖಾನೆಯಲ್ಲಿ ಪ್ರತಿಯೊಬ್ಬನಿಗೂ ಒಂದು ಹಿತ್ತಾಳೆ ಟೋಕನ್ ಇರುತ್ತದೆ. ಒಳಗೆ ಬರುವಾಗ ಗೇಟಿನ ಹೊರಬೋರ್ಡಿನಿಂದ ತೆಗೆದು ಒಳಬೋರ್ಡಿನ ಮೊಳೆಗೆ ನೇತುಹಾಕಬೇಕು. ಹೋಗುವಾಗ ಮತ್ತೆ ಹೊರಬೋರ್ಡಿಗೆ. ಆ ಟೋಕನ್ ನಂಬರನ್ನೇ ಯೂಸರ್ ನಂಬರ್ ಮಾಡಿಬಿಟ್ಟೆ. ನೆನಪಿಟ್ಟುಕೊಳ್ಳುವ ಕಷ್ಟವಿಲ್ಲ, ಒಬ್ಬರದು ಇನ್ನೊಬ್ಬರಿಗೆ ಬೆರೆಯುವ ಭಯವಿಲ್ಲ ಎಂದುಕೊಂಡು ಬೆನ್ನು ತಟ್ಟಿಕೊಂಡೆ. ಕೆಲಸ ಬಿಟ್ಟವರ ಟೋಕನನ್ನು ಹೊಸಬರಿಗೆ ಕೊಡುವ ಪದ್ಧತಿ ಕಾರ್ಖಾನೆ ಶುರುವಾದಾಗಿನಿಂದ ಇತ್ತು. ಅದು ನನಗೂ ಗೊತ್ತಿತ್ತು.

ಶಿವಮಲ್ಲಪ್ಪನವರ ಟೋಕನ್ 214. ಅವರು ನಮ್ಮ ಲ್ಯಾಬಿನ ಕೆಮಿಸ್ಟ್. ಮೂಗೂರಿನವರು, ನಲವತ್ತರ ಆಸುಪಾಸು, ದಪ್ಪ ಕನ್ನಡಕ. ವಾರದಲ್ಲಿ ಮೂರು ದಿನ ನರಸೀಪುರದ ಡಿಪೊದಲ್ಲಿ, ಮೂರು ದಿನ ನಂಜನಗೂಡಿನ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದರಿಂದ ಎರಡು ಯಂತ್ರಗಳಲ್ಲೂ ಅವರಿಗೆ ಖಾತೆ ಬೇಕಿತ್ತು. ನಾನು ಎರಡನೆಯದನ್ನು ತೆರೆದುಕೊಟ್ಟ ದಿನ, “ಮೂಗೂರಲ್ಲೊಂದು, ನರಸೀಪುರದಲ್ಲೊಂದು, ಇಲ್ಲೊಂದು. ಮೂರು ಮನೆ ಯಜಮಾನ ಆಗೋದ್ನಲ್ಲ ಸಾ” ಎಂದು ನಕ್ಕಿದ್ದರು. ಕಂಪ್ಯೂಟರ್ ಕಂಡರೆ ಮಾರು ದೂರ ನಿಲ್ಲುವವರ ನಡುವೆ, ಹೇಳಿದ್ದನ್ನು ಹೇಳಿದ ಹಾಗೆ ಟೈಪ್ ಮಾಡುತ್ತಿದ್ದ ಒಬ್ಬರೇ ಒಬ್ಬರು ಅವರು. ಡಿಪೊದಲ್ಲಿ ರಿಪೋರ್ಟ್ ಛಾಪಿಸಲು ನಾನು ಬರೆದ ಪ್ರೋಗ್ರಾಮಿನಲ್ಲಿ, ಹಾಳೆಯ ಕೊನೆಗೆ ‘ಪರೀಕ್ಷಿಸಿದವರು’ ಎಂಬ ಸಾಲು ಬೇಕೆಂದು ಕೇಳಿದವರೂ ಅವರೇ. ಕಡತದ ನಂಬರ್ ನೋಡಿ, ಪಟ್ಟಿಯಿಂದ ಹೆಸರು ತೆಗೆದು, ಇಂಗ್ಲಿಷ್ ಅಕ್ಷರದಲ್ಲಿ ಅಚ್ಚುಹಾಕುವ ಹಾಗೆ ಮಾಡಿಕೊಟ್ಟಿದ್ದೆ.

ಆ ವರ್ಷದ ಆಷಾಢದಲ್ಲಿ ಒಂದು ಬೆಳಿಗ್ಗೆ ಶಿವಮಲ್ಲಪ್ಪನವರು ನರಸೀಪುರದ ಹೊಳೆಯಲ್ಲಿ ಕಾಣೆಯಾದರು. ಮೂಗೂರಿನಿಂದ ಮೊದಲ ಬಸ್ಸಿಗೆ ಬಂದದ್ದನ್ನು ಕಂಡವರಿದ್ದರು. ಮೆಟ್ಟಿಲ ಮೇಲೆ ಚಪ್ಪಲಿ, ಮಡಿಸಿಟ್ಟ ಪ್ಯಾಂಟು ಶರಟು, ಅದರ ಮೇಲೆ ಕನ್ನಡಕ ಸಿಕ್ಕವು. ಹೊಳೆ ತುಂಬಿ ಮೇಲಿನ ಮೆಟ್ಟಿಲು ಮುಟ್ಟಿತ್ತು. ಹರಿಗೋಲಿನವರು ನಾಲ್ಕು ದಿನ ಹುಡುಕಿದರು. ಕೆಳಗಿನ ಊರುಗಳಿಗೆಲ್ಲ ಹೇಳಿಕಳಿಸಿದರು. ದೇಹ ಸಿಗಲಿಲ್ಲ. ಮಗ್ಗುಲಲ್ಲಿ ಕೂತು ಕೆಲಸ ಮಾಡಿದ ಮನುಷ್ಯ ಹೀಗೆ ಗುರುತಿಲ್ಲದೆ ಹೋದದ್ದು ನಮಗೆಲ್ಲ ನುಂಗಲಾರದ ತುತ್ತಾಯಿತು. ಆಮೇಲೆ ಎಲ್ಲೆಡೆ ಆಗುವಂತೆ ನಾವೂ ಮಾತು ಕಡಿಮೆ ಮಾಡಿದೆವು.

ತಿಂಗಳು ಕಳೆದಮೇಲೆ ಡಿಪೊಗೆ ಹೋದಾಗ ಅಲ್ಲಿನ ಯಂತ್ರದಿಂದ ಅವರ ಖಾತೆ ತೆಗೆಯಲು ಕೂತೆ. ಡಿಪೊದ ಸೂಪರ್‌ವೈಸರ್ ಪುಟ್ಟಸ್ವಾಮಿ ಪಕ್ಕದಲ್ಲೇ ನಿಂತಿದ್ದ. ಏನು ಮಾಡುತ್ತಿದ್ದೀರಿ ಎಂದು ಕೇಳಿದ. ಹೇಳಿದೆ.

“ಬ್ಯಾಡಿ ಸಾ. ಇನ್ನೂ ಸಿಕ್ಕಿಲ್ಲ ಅವ. ಸಿಗೋಗಂಟ ಎಸ್ರು ಅಳಿಸ್ಬ್ಯಾಡಿ, ಒಳ್ಳೇದಲ್ಲ” ಎಂದ.

ಅವನ ಮುಖ ನೋಡಿ ಅಳಿಸಲು ಮನಸ್ಸಾಗಲಿಲ್ಲ. ಯಾರೂ ಒಳಹೋಗದಂತೆ ಖಾತೆಗೆ ಬೀಗ ಹಾಕಿದೆ, ಹೆಸರನ್ನೂ ಮನೆಯನ್ನೂ ಹಾಗೇ ಬಿಟ್ಟೆ. ತಾಂತ್ರಿಕವಾಗಿ ಅದರಿಂದ ಏನೂ ತೊಂದರೆ ಇರಲಿಲ್ಲ.

ನಂಜನಗೂಡಿನಲ್ಲಿ ಹೀಗೆ ತಡೆಯುವವರು ಯಾರೂ ಇರಲಿಲ್ಲ. ಮೂರು ತಿಂಗಳ ಗೈರುಹಾಜರಿಯ ನಂತರ ಪರ್ಸನೆಲ್ ಆಫೀಸಿನಿಂದ ಒಂದು ಚೀಟಿ ಬಂತು: ಹೆಸರು ಹಾಜರಿಪಟ್ಟಿಯಿಂದ ತೆಗೆದಿದೆ, ಕಂಪ್ಯೂಟರ್ ಖಾತೆ ಮುಚ್ಚತಕ್ಕದ್ದು. ಡಿಸ್ಕ್ ತುಂಬಿ ನಾನೂ ಜಾಗಕ್ಕೆ ಒದ್ದಾಡುತ್ತಿದ್ದೆ. ಖಾತೆ ತೆಗೆಯುವ ಆಜ್ಞೆಗೆ ಒಂದೇ ಒಂದು ಅಕ್ಷರ ಸೇರಿಸಿದರೆ ಖಾತೆಯ ಜತೆಗೆ ಮನೆಯೂ ಹೋಗುತ್ತದೆ. ಸೇರಿಸಿದೆ. ಎಂಟರ್ ಒತ್ತಿದೆ. ಊಟದ ಬೆಲ್ ಹೊಡೆಯಿತು, ಎದ್ದುಹೋದೆ.

ದೀಪಾವಳಿ ಕಳೆದಮೇಲೆ ಲ್ಯಾಬಿಗೆ ಹೊಸ ಕೆಮಿಸ್ಟ್ ಬಂದಳು. ಹದಿನಾರು ಎಂಬ ಊರಿನ ರೇಣುಕ, ಆಗಷ್ಟೇ ಬಿ.ಎಸ್ಸಿ. ಮುಗಿಸಿದ್ದಳು. ನಂಜನಗೂಡಿನ ಲ್ಯಾಬಿನಲ್ಲಷ್ಟೇ ಕೆಲಸ. ಪರ್ಸನೆಲ್ ಆಫೀಸರ್ ಕೊಟ್ಟ ಟೋಕನನ್ನು ತಂದು ನನ್ನ ಮೇಜಿನ ಮೇಲೆ ಇಟ್ಟಳು. 214. ಯಾರದೆಂದು ನನಗೆ ತಕ್ಷಣ ಗೊತ್ತಾಯಿತು. ಬೇರೆ ಟೋಕನ್ ಇಲ್ಲವೇ ಎಂದು ಆಫೀಸರನ್ನು ಕೇಳಿದ್ದಕ್ಕೆ, “ಹಿತ್ತಾಳೆಗೆ ಯಾವ ಸೂತಕ ರೀ?” ಎಂದು ನಕ್ಕುಬಿಟ್ಟರು. ನಾನೂ ನಕ್ಕು ಬಂದು 214 ಎಂದು ಟೈಪ್ ಮಾಡಿದೆ. ನರಸೀಪುರದ ಯಂತ್ರದಲ್ಲಿ ಅದೇ ನಂಬರಿನ ಮುಂದೆ ಇನ್ನೊಂದು ಹೆಸರಿದೆ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಮಾರನೆಯ ದಿನದಿಂದ ರೇಣುಕ ಬರೆದ ರಿಪೋರ್ಟುಗಳು ಫ್ಲಾಪಿಯಲ್ಲಿ ಲಾರಿ ಹತ್ತಿದವು. ಫ್ಲಾಪಿಯಲ್ಲಿ ಹೋಗುವುದು ನಂಬರ್, ಹೆಸರಲ್ಲ. ಡಿಪೊದ ಯಂತ್ರ ತನ್ನ ಪಟ್ಟಿ ತೆರೆದು ನೋಡಿತು, 214 ಯಾರೆಂದು ಅದಕ್ಕೆ ಗೊತ್ತಿತ್ತು. ಪ್ರತಿ ಹಾಳೆಯ ಕೊನೆಗೆ, ಅಂದಂದಿನ ತಾರೀಖಿನ ಜತೆ, ಪರೀಕ್ಷಿಸಿದವರು ಶಿವಮಲ್ಲಪ್ಪ ಎಂದು ಅಚ್ಚುಹಾಕುತ್ತಾ ಹೋಯಿತು. ಡಿಪೊದವರು ಯಾರೂ ನನಗೆ ಫೋನ್ ಮಾಡಲಿಲ್ಲ.

ಮೂರು ವಾರ ಕಳೆದಿರಬೇಕು. ಒಂದು ಮಧ್ಯಾಹ್ನ ಗೇಟಿನ ಕಾವಲುಗಾರ ಬಂದು, ಒಬ್ಬ ಹೆಂಗಸು ಮೂರು ದಿನದಿಂದ ಗೇಟಿನ ಎದುರು ನಿಂತಿದ್ದಾಳೆ, ಯಾರನ್ನೂ ಏನೂ ಕೇಳುವುದಿಲ್ಲ, ಟೋಕನ್ ಬೋರ್ಡನ್ನೇ ನೋಡುತ್ತಾಳೆ, ಈವತ್ತು ಮಾತ್ರ ಕಂಪ್ಯೂಟರಿನವರನ್ನು ಕರೆಯಿರಿ ಅಂದಳು ಎಂದ. ಹೋದೆ. ಮೂವತ್ತೈದರ ಹೆಂಗಸು, ಹಣೆಯ ಮೇಲೆ ವಿಭೂತಿ, ಅದರ ಕೆಳಗೆ ಕುಂಕುಮ, ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರು. ಶಿವಮಲ್ಲಪ್ಪನವರ ಹೆಂಡತಿ ಮಹದೇವಮ್ಮ ಎಂದು ತಾವೇ ಹೇಳಿಕೊಂಡರು.

“ನಮ್ಮೆಜಮಾನ್ರ ಒಂದ್ಸಲ ಈಚ್ಗೆ ಕರೀರಿ ಸಾ. ಮಾತಾಡ್ಸಕಿಲ್ಲ ನಾನು. ನೋಡ್ಬುಟ್ಟು ಒಂಟೋಯ್ತೀನಿ.”

“ಒಳಗಿದ್ದಾರೆ ಅಂತ ಯಾರಮ್ಮ ಹೇಳಿದ್ದು?”

ಆಕೆ ಬೋರ್ಡಿನ ಕಡೆ ಕೈ ತೋರಿಸಿದರು. “ಇನ್ನೂರ ಹದ್ನಾಲ್ಕು ಅವ್ರದ್ದೇ ಅಲ್ವಾ? ಬೆಳಿಗ್ಗೆ ಒಳಿಕೆ ಓಯ್ತದೆ, ಸಂದೆಗೆ ಈಚ್ಗೆ ಬತ್ತದೆ. ಮೂರ್ ದಿನದಿಂದ ನೋಡ್ತಾವ್ನಿ. ನಂಬರ್ ಬತ್ತದೆ, ಅವ್ರು ಬರಕಿಲ್ಲ.”

ಕವರಿನಿಂದ ಹಾಳೆಗಳನ್ನು ತೆಗೆದು ಕೊಟ್ಟರು. ಹದಿನೇಳು ಹಾಳೆ, ಅಂಚಿನ ತೂತುಗಳು ಹರಿಯದಂತೆ ಜೋಪಾನವಾಗಿ ಮಡಿಸಿದ್ದವು. ಏಳನೇ ಕ್ಲಾಸಿನವರೆಗೆ ಓದಿದ್ದ ಆಕೆ ಪ್ರತಿ ಹಾಳೆಯ ಕೊನೆಯ ಸಾಲನ್ನು ಬೆರಳಿಟ್ಟು ತೋರಿಸಿದರು. ಹೆಸರು, ತಾರೀಖು. ಏನಾಗಿದೆ ಎಂದು ಅರ್ಥವಾಗಲು ಮೊದಲ ಹಾಳೆಯೇ ಸಾಕಾಗಿತ್ತು. ಆದರೂ ಹೇಳುವುದನ್ನು ಮುಂದೂಡಲಿಕ್ಕಾಗಿ ಹದಿನೇಳನ್ನೂ ಒಂದೊಂದಾಗಿ ನೋಡಿದೆ.

ಆಕೆಯನ್ನು ಒಳಗೆ ಕರೆದುಕೊಂಡು ಹೋಗಿ ಲ್ಯಾಬ್ ತೋರಿಸಿದೆ. ರೇಣುಕ ಎದ್ದು ನಿಂತಳು. ಈ ಹುಡುಗಿಗೆ ಅದೇ ಟೋಕನ್ ಕೊಟ್ಟಿದ್ದಾರೆ, ಈಕೆ ಬರೆದದ್ದಕ್ಕೆ ಅಲ್ಲಿನ ಮಿಷನ್ ಹಳೆಯ ಹೆಸರು ಹಾಕುತ್ತಿದೆ, ಇದು ನನ್ನ ತಪ್ಪು ಎಂದು ಹೇಳಿದೆ. ಎಷ್ಟು ಸರಳವಾಗಿ ಹೇಳಿದರೂ ಅದು ನನ್ನ ಕಿವಿಗೇ ಕಟ್ಟುಕಥೆಯಂತೆ ಕೇಳಿಸಿತು. ಮಹದೇವಮ್ಮ ರೇಣುಕಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಹುಡುಗಿ ತಾನೇ ಏನೋ ಕದ್ದವಳಂತೆ ತಲೆ ತಗ್ಗಿಸಿದಳು.

“ನನ್ನ ಬುಟ್ಟು ಓಗಿದ್ರೂ ಸೈ ಸಾ” ಎಂದರು ಮಹದೇವಮ್ಮ. “ಇಲ್ಲೇ ಎಲ್ಲಾದ್ರೂ ಇನ್ನೊಂದ್ ಮನೆ ಮಾಡ್ಕೊಂಡಿದ್ರೂ ಸೈ. ನಾನು ಕ್ಯಾಣ ಸಾಧಿಸೋಳಲ್ಲ. ಬದ್ಕವ್ರೆ ಅಂತ ಒಂದ್ ಮಾತ್ ಏಳ್ಬುಡಿ.”

“ಇಲ್ಲಮ್ಮ. ಇದು ಅವರು ಬರೆದದ್ದಲ್ಲ.”

ಇಷ್ಟು ವರ್ಷದ ಕೆಲಸದಲ್ಲಿ ನಾನು ಆಡಿದ ಮಾತುಗಳಲ್ಲಿ ಅದಕ್ಕಿಂತ ಭಾರವಾದದ್ದು ಇನ್ನೊಂದಿಲ್ಲ. ಆಕೆ ಅಳಲಿಲ್ಲ. ನೀರು ಕೇಳಿ ಕುಡಿದರು. ಆಮೇಲೆ ನಾನು ಕೇಳದಿದ್ದರೂ ಆ ದಿನದ ಬೆಳಿಗ್ಗೆಯನ್ನು ಹೇಳಿದರು. ತಂಗಿಯ ಮದುವೆಯ ಮಾತುಕತೆಗೆ ತವರಿಗೆ ಹೋಗಬೇಕಿತ್ತು. ಗಂಡ ರಜೆ ಹಾಕಿರಲಿಲ್ಲ. ಮಾತಿಗೆ ಮಾತು ಬೆಳೆಯಿತು.

“ಮೀಯಕೆ ನೀರ್ ಕಾಯ್ಸಿದ್ದೆ. ಮೀಯ್ನೂ ಇಲ್ಲ, ಲಿಂಗಪೂಜೇನೂ ಮಾಡ್ನಿಲ್ಲ, ಅಂಗೇ ಒಂಟ್ರು. ಓಗೋರು ಓಗಿ, ತಿರ್ಗಾ ಬರ್ಲೇಬ್ಯಾಡಿ ಅಂತ ಬಾಗ್ಲಲ್ಲಿ ನಿಂತ್ಕೊಂಡು ಅಂದ್ಬುಟ್ಟೆ. ಊರಲ್ಲಿ ಎಲ್ಡ್ ಮಾತವೆ ಸಾ. ನನ್ ಕಾಟ ತಡೀನಾರ್ದೆ ದೇಸಾಂತ್ರ ಓದ್ರು ಅನ್ನೋದೊಂದು. ನನ್ ಮಾತ್ಗೆ ನೊಂದು ಒಳೇಗ್ ಬಿದ್ರು ಅನ್ನೋದೊಂದು. ಈ ಕಾಗ್ದ ಬಂದ್ಮೇಲೆ, ಮೊದ್ಲನೇದೇ ದಿಟ ಕಣಪ್ಪಾ ಅಂತ ಎರಡ್ ತುತ್ತು ಅನ್ನ ಒಳಿಕೋಗ್ತಿತ್ತು.”

ನಾನು ಆಕೆಯ ಕೈಯಿಂದ ಕಿತ್ತುಕೊಂಡದ್ದು ಏನೆಂದು ಆಗ ನನಗೆ ಪೂರ್ತಿ ತಿಳಿಯಿತು. ಗಂಡ ಸತ್ತನೆಂಬ ಸುದ್ದಿಯನ್ನಷ್ಟೇ ನಾನು ಕೊಟ್ಟಿರಲಿಲ್ಲ. ತನ್ನ ಬಾಯಿಂದ ಬಂದ ಮಾತೇ ಅವನನ್ನು ಕೊಂದಿತೆಂಬ ಎರಡನೆಯ ಮಾತೊಂದನ್ನೇ ಆಕೆಗೆ ಉಳಿಸಿದ್ದೆ. ಇದನ್ನು ಸರಿಮಾಡುವ ಆಜ್ಞೆ ಯಾವ ಮ್ಯಾನ್ಯುಯಲ್‌ನಲ್ಲೂ ಇರಲಿಲ್ಲ. ನಾಳೆಯೇ ನರಸೀಪುರಕ್ಕೆ ಹೋಗಿ ಅಲ್ಲಿನ ಹೆಸರನ್ನು ಅಳಿಸುತ್ತೇನೆ, ಇನ್ನು ಇಂಥ ಹಾಳೆ ಬರುವುದಿಲ್ಲ ಎಂದೆ. ನಾಚಿಕೆಯಲ್ಲಿ ನನಗೆ ತೋಚಿದ್ದು ಅಷ್ಟೇ.

“ಅಳ್ಸೋದಾದ್ರೆ ನಾನೂ ಬತ್ತೀನಿ” ಎಂದರು. “ನಮ್ಮೋರ್ನ ಮಣ್ಣು ಮಾಡೋ ಭಾಗ್ಯ್ವೂ ಇರ್ನಿಲ್ಲ. ಇದನ್ನಾದ್ರೂ ನನ್ ಕಣ್ಮುಂದೆ ಮಾಡಿ.”

ಮಾರನೆಯ ದಿನ ಹತ್ತು ಗಂಟೆಗೆ ಡಿಪೊ ತಲುಪಿದೆ. ಮಹದೇವಮ್ಮ ಆಗಲೇ ಮೂಗೂರಿನಿಂದ ಬಂದು ತೌಡಿನ ಚೀಲದ ಮೇಲೆ ಕೂತಿದ್ದರು. ಪುಟ್ಟಸ್ವಾಮಿ ನನ್ನ ಮುಖ ನೋಡಲಾರದೆ ಪ್ರಿಂಟರ್ ಒರೆಸುತ್ತಿದ್ದ. ನನಗೆ ಸಿಟ್ಟು ನೆತ್ತಿಗೇರಿತ್ತು. ಮೊದಲ ದಿನವೇ ಒಂದು ಫೋನ್ ಮಾಡಬಾರದಿತ್ತೇ ಎಂದು ಕೂಗಿದೆ.

“ನೀವೇ ಅವ್ನ ಅಲ್ಲಿ ಮಡೀಕಂಡಿದ್ದೀರಿ ಅನ್ಕೊಂಡೊ ಸಾ. ಗಂಡ ಎಂಡ್ರು ಇಸ್ಯ, ದೊಡ್ಡೋರು ಗುಟ್ಟು ಮಾಡವ್ರೆ, ನಮ್ಗ್ಯಾಕೆ ಅಂತ ಸುಮ್ಗಾದೊ. ಅಮ್ಮೋರ್ಗೆ ಮಾತ್ರ ತಡೀನಾರ್ದೆ ಕಾಗ್ದ ಕೊಟ್ಬುಟ್ಟೆ. ಬದ್ಕವ್ನೆ ಅಂತ ತಿಳೀಲಿ ಅಂತ.”

ಅವನ ಮೇಲೆ ಹರಿಹಾಯುವ ಹಕ್ಕು ನನಗೆಲ್ಲಿತ್ತು? ಎಲ್ಲರೂ ಒಳ್ಳೆಯದನ್ನೇ ಮಾಡಲು ಹೊರಟಿದ್ದೆವು. ಅಳಿಸಬೇಡಿ ಎಂದ ಅವನೂ, ಅವನ ಮಾತು ಕೇಳಿದ ನಾನೂ. ಟರ್ಮಿನಲ್ ಮುಂದೆ ಕೂತೆ. ಪಕ್ಕದ ಸ್ಟೂಲಿನಲ್ಲಿ ಮಹದೇವಮ್ಮ ಕೂತರು, ಪುಟ್ಟಸ್ವಾಮಿ ಹಿಂದೆ ನಿಂತ. ಆಕೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. ಅಳಿಸುವ ಆಜ್ಞೆಯನ್ನು ನಾನು ಅರ್ಧ ಟೈಪ್ ಮಾಡಿದ್ದೆ.

“ಇದ್ರೊಳ್ಗೆ ಅವ್ರು ಏನೇನ್ ಬರ್ದಿದ್ರು ಸಾ?” ಎಂದು ಕೇಳಿದರು.

ತೌಡಿನ ಲೆಕ್ಕವಲ್ಲದೆ ಇನ್ನೇನಿರುತ್ತದೆ ಎನ್ನಲು ಹೊರಟವನು, ಆಕೆಗೆ ತೋರಿಸಿಯೇ ಬಿಡೋಣವೆಂದು ಟೈಪ್ ಮಾಡಿದ್ದನ್ನು ಅಳಿಸಿ ಶಿವಮಲ್ಲಪ್ಪನವರ ಮನೆಯನ್ನು ತೆರೆದೆ. ತಾರೀಖಿನ ಹೆಸರಿಟ್ಟ ಕಡತಗಳು, ಒಂದೊಂದು ದಿನಕ್ಕೆ ಒಂದೊಂದು. ಸಾಲಾಗಿ ಕೆಳಗೆ ಇಳಿದೆ. ಕೊನೆಯದು ಆ ದಿನದ್ದೇ. ಅವರು ಹೊಳೆಗೆ ಹೋದ ಬೆಳಿಗ್ಗೆ, ಏಳು ಗಂಟೆ ಹದಿನಾಲ್ಕು ನಿಮಿಷಕ್ಕೆ ಉಳಿಸಿದ ಕಡತ. ಪೂರ್ತಿಯಾಗದ ಕಡತಗಳನ್ನು ಫ್ಲಾಪಿಗೆ ಹಾಕುತ್ತಿರಲಿಲ್ಲವಾದ್ದರಿಂದ ಅದು ನಂಜನಗೂಡಿಗೆ ಬಂದೇ ಇರಲಿಲ್ಲ. ಪೊಲೀಸರೂ ಕಂಪ್ಯೂಟರನ್ನು ಏನೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಅದರೊಳಗೆ ಇದ್ದದ್ದು ನಾಲ್ಕು ಸ್ಯಾಂಪಲ್‌ಗಳ ಒಂದು ಪಟ್ಟಿ. ತೌಡಿನಲ್ಲಿ ಎಣ್ಣೆ ಎಷ್ಟಿದೆ ಎಂದು ನೋಡಲು ಅದನ್ನು ತೂಗಿ, ದ್ರಾವಕದ ಜತೆ ಗಾಜಿನ ಬುರುಡೆಯಲ್ಲಿ ಒಂದೂವರೆ ಗಂಟೆ ಹೀಟರಿನ ಮೇಲೆ ಕುದಿಸಬೇಕು. ಆ ಹೊತ್ತಿನಲ್ಲಿ ಕೆಮಿಸ್ಟನಿಗೆ ಕಾಯುವುದೊಂದೇ ಕೆಲಸ. ನಾಲ್ಕಕ್ಕೂ ಗಿರಣಿಯ ಹೆಸರಿತ್ತು, ತೂಕವಿತ್ತು. ಎಣ್ಣೆಯ ಪ್ರಮಾಣ ಬರೆಯುವ ಕಡೆ ಖಾಲಿ. ಅದರ ಪಕ್ಕದಲ್ಲಿ ಎರಡು ಸಮಯಗಳು. ಹೀಟರಿಗೆ ಇಟ್ಟದ್ದು: 7.10. ಇಳಿಸಬೇಕಾದ್ದು: 8.40.

ನಾನು ಓದಿ ಹೇಳಿದೆ. ಮಹದೇವಮ್ಮನಿಗೆ ಅರ್ಥವಾಗಲಿಲ್ಲ. ಪುಟ್ಟಸ್ವಾಮಿಗೆ ಆಯಿತು. ಅವನು ಹಣೆ ಚಚ್ಚಿಕೊಂಡ.

“ಅಯ್ಯೋ ಸಿವ್ನೇ! ಅವತ್ತು ನಾನು ಒಂಬತ್ ಗಂಟ್ಗೆ ಬಂದಾಗ ಈಟ್ರು ಉರೀತಾನೇ ಇತ್ತು ಸಾ. ಬುರ್ಡೆ ಎಲ್ಲಾ ಒಣಗಿ ಕರ್ರಗಾಗಿತ್ತು. ಆರ್ಸದೆ ಒಂಟೋಗವ್ನಲ್ಲ ಅಂತ ಬಯ್ಕೊಂಡು ಸ್ವಿಚ್ ಆಫ್ ಮಾಡ್ದೆ. ಅಷ್ಟೊತ್ಗೆ ಒಳೇ ಕಡೆ ಕೂಗಾಟ ಸುರುವಾಯ್ತು. ಅದ ಮರ್ತೇ ಓದೆ.”

ಆಗ ನಾನು ಆಕೆಗೆ ಬಿಡಿಸಿ ಹೇಳಿದೆ. ನಿಮ್ಮ ಯಜಮಾನರು ಅವತ್ತು ಡಿಪೊಗೆ ಬಂದು ಬೀಗ ತೆಗೆದಿದ್ದಾರೆ. ನಾಲ್ಕು ಸ್ಯಾಂಪಲ್ ತೂಗಿದ್ದಾರೆ, ಹೀಟರ್ ಹಚ್ಚಿದ್ದಾರೆ. ಎಂಟೂ ನಲವತ್ತಕ್ಕೆ ಇಳಿಸಬೇಕು ಎಂದು ತಮಗೆ ತಾವೇ ಬರೆದಿಟ್ಟಿದ್ದಾರೆ. ಮನೆಯಲ್ಲಿ ಸ್ನಾನವಾಗಿರಲಿಲ್ಲ, ಪೂಜೆಯಾಗಿರಲಿಲ್ಲ. ಕುದಿಯುವಷ್ಟರಲ್ಲಿ ಮಿಂದು ಬರೋಣವೆಂದು ಹೊಳೆಗೆ ಹೋಗಿದ್ದಾರೆ. ಊರು ಬಿಟ್ಟು ಹೋಗುವವನು ಹೀಟರ್ ಹಚ್ಚುವುದಿಲ್ಲ. ಸಾಯಲು ಹೋಗುವವನು ಎಂಟೂ ನಲವತ್ತು ಎಂದು ಬರೆಯುವುದಿಲ್ಲ.

ಮಹದೇವಮ್ಮ ಪರದೆಯ ಮೇಲಿನ ಆ ಅಂಕಿಯನ್ನು ಬಹಳ ಹೊತ್ತು ನೋಡಿದರು. ಬೆರಳಿಂದ ಮುಟ್ಟಿದರು.

“ಅಂಗಾರೆ ಬರಕ್ಕೇ ಓಗಿದ್ರು” ಎಂದರು. ಮತ್ತೆ, “ತಿರ್ಗಾ ಬರಕ್ಕೇ ಓಗಿದ್ರು.”

ಆಗ ಅತ್ತರು. ನಾವಿಬ್ಬರೂ ಆಚೆ ಹೋಗಿ ನಿಂತೆವು.

ಆ ಹಾಳೆಯನ್ನು ಕೊಡುತ್ತೀರಾ ಎಂದು ಕೇಳಿದರು. ಛಾಪಿಸಿದೆ. ಪ್ರಿಂಟರ್ ಎಂದಿನಂತೆ ಗರಗರ ಶಬ್ದ ಮಾಡಿ, ಖಾಲಿ ಬಿಟ್ಟಿದ್ದನ್ನು ಖಾಲಿಯಾಗಿಯೇ ಅಚ್ಚುಹಾಕಿ, ಕೊನೆಗೆ ಪರೀಕ್ಷಿಸಿದವರ ಹೆಸರು ಬರೆಯಿತು. ಆಕೆ ಅದನ್ನು ಮಡಿಸಿ ಕುಪ್ಪಸದೊಳಗೆ ಇಟ್ಟುಕೊಂಡರು. ಹದಿನೇಳು ಹಾಳೆಗಳ ಪ್ಲಾಸ್ಟಿಕ್ ಕವರನ್ನು ಮೇಜಿನ ಮೇಲೆಯೇ ಬಿಟ್ಟರು. “ಈಗ ಅಳ್ಸಿ ಸಾ” ಎಂದರು.

ಅಳಿಸಲಿಲ್ಲ. ಅಳಿಸಬೇಕಾಗಿಯೂ ಇರಲಿಲ್ಲ. ತಿದ್ದಬೇಕಾಗಿದ್ದದ್ದು ಇನ್ನೊಂದು ಕಡೆ. ನಂಜನಗೂಡಿಗೆ ಹೋಗಿ ಹುಡುಗಿಗೆ ಬೇರೆ ನಂಬರ್ ಕೊಡುತ್ತೇನೆ ಎಂದೆ. ಹಾಗೆಯೇ ಮಾಡಿದೆ. ಟೋಕನನ್ನೂ ಬದಲಾಯಿಸಲೇಬೇಕೆಂದು ಪರ್ಸನೆಲ್ ಆಫೀಸರ್ ಮುಂದೆ ಹಟ ಹಿಡಿದೆ. ಅವರು ಗೊಣಗಿಕೊಂಡು 214ನ್ನು ಡ್ರಾಯರಿಗೆ ಹಾಕಿದರು. ರೇಣುಕ ಹ್ಯಾಗೂ ಅದನ್ನು ಮತ್ತೆ ಮುಟ್ಟಲು ಒಪ್ಪಿರಲಿಲ್ಲ. ಮುಂದಿನ ತಿಂಗಳು ಮೂಗೂರಿನಲ್ಲಿ ಮಠದ ಅಯ್ಯನವರನ್ನು ಕರೆಸಿ, ಮೆಟ್ಟಿಲ ಮೇಲೆ ಸಿಕ್ಕಿದ್ದ ಬಟ್ಟೆಯನ್ನೇ ಅವರ ಜಮೀನಿನಲ್ಲಿ ಮಣ್ಣು ಮಾಡಿದರೆಂದು ಪುಟ್ಟಸ್ವಾಮಿ ಹೇಳಿದ. ಊರಿನ ಎರಡು ಮಾತುಗಳೂ ಅಲ್ಲಿಗೆ ನಿಂತವಂತೆ.

ಡಿಪೊದಲ್ಲಿ ಆ ಕಡತ ತೆರೆದ ದಿನವೇ ಮಧ್ಯಾಹ್ನ ನಾನು ಮಹದೇವಮ್ಮನನ್ನು ಮೂಗೂರಿನ ಬಸ್ಸಿಗೆ ಹತ್ತಿಸಲು ಹೋಗಿದ್ದೆ. ಬಸ್ಸು ಬರಲು ಇನ್ನೂ ಹೊತ್ತಿತ್ತು. ಆಕೆಯ ಮುಖ ಸ್ವಲ್ಪ ತಿಳಿಯಾಗಿತ್ತು. ರಸ್ತೆಯ ಕಡೆ ನೋಡುತ್ತಾ, ಸಹಜವಾಗಿ ಕೇಳುವಂತೆ ಕೇಳಿದರು.

“ನಂಜನಗೂಡಿನ ಮಿಷನ್ನಲ್ಲೂ ಅವ್ರು ಬರೀತಿದ್ರಲ್ಲ ಸಾ. ಅದ್ರಲ್ಲಿ ಏನಿತ್ತು?”

“ಏನಿಲ್ಲಮ್ಮ. ನಾನು ನೋಡಿದೀನಿ. ಬರೀ ತೌಡಿನ ಲೆಕ್ಕ.”

ಆಕೆ ತಲೆಯಾಡಿಸಿದರು. ಬಸ್ಸು ಬಂತು, ಹತ್ತಿ ಹೋದರು.

ನಂಜನಗೂಡಿಗೆ ಮರಳಿದವನೇ ಬ್ಯಾಕಪ್ ಟೇಪುಗಳನ್ನು ಹುಡುಕಿದೆ. ಸರ್ವರಿನಲ್ಲಿರುವುದನ್ನೆಲ್ಲ ವಾರಕ್ಕೊಮ್ಮೆ ಟೇಪಿಗೆ ಇಳಿಸುವುದು ವಾಡಿಕೆ. ನಮ್ಮಲ್ಲಿದ್ದದ್ದು ನಾಲ್ಕೇ ಟೇಪು. ಐದನೆಯ ವಾರ ಮೊದಲನೆಯದರ ಮೇಲೇ ಬರೆಯುತ್ತಿದ್ದೆ. ನಾಲ್ಕನ್ನೂ ಒಂದೊಂದಾಗಿ ಹಾಕಿ ನೋಡಿದೆ. ಎಲ್ಲದರ ಮೇಲೂ ಹೊಸದನ್ನು ಬರೆದಾಗಿತ್ತು. 214ರ ಜಾಗದಲ್ಲಿ ಇದ್ದದ್ದು ರೇಣುಕಳ ಕಡತಗಳು.

ಆಮೇಲೆ 2000ದ ದಶಕದಲ್ಲಿ ಮೈಸೂರು ಸುತ್ತಮುತ್ತ ಇನ್ನೂ ಮೂರು ಕಡೆ ಸರ್ವರ್ ನೋಡಿಕೊಂಡೆ. ನೂರಾರು ಖಾತೆ ತೆರೆದೆ, ನೂರಾರು ಮುಚ್ಚಿದೆ. ಒಂದು ನಂಬರನ್ನು ಒಬ್ಬರಿಗಿಂತ ಹೆಚ್ಚು ಜನಕ್ಕೆ ಎಂದೂ ಕೊಡಲಿಲ್ಲ. ಹೋದವರ ಖಾತೆಗೆ ಬೀಗ ಹಾಕುತ್ತಿದ್ದೆ, ಕಡತಗಳನ್ನು ಬೇರೆ ಟೇಪಿಗೆ ಇಳಿಸಿ ಹೆಸರು ಬರೆದಿಡುತ್ತಿದ್ದೆ. ತೀರಿಕೊಂಡವರಾದರೆ ಮನೆಯವರೊಬ್ಬರನ್ನು ಕರೆಸಿ ಪಕ್ಕದಲ್ಲಿ ಕೂರಿಸಿಕೊಂಡು ತೆರೆಯುತ್ತಿದ್ದೆ. ಜಾಗ ದಂಡವೆಂದು ಮೇಲಿನವರು ಆಕ್ಷೇಪಿಸಿದಾಗ ಜಗಳವಾಡಿದ್ದೇನೆ. ನನ್ನನ್ನು ಬಹಳ ಕಟ್ಟುನಿಟ್ಟಿನ ಮನುಷ್ಯ ಎಂದು ಹೊಗಳಿ, ನಿವೃತ್ತಿಯ ದಿನ ಶಾಲು ಹೊದಿಸಿದರು. ಕಿರಿಯರಿಗೆ ಏನಾದರೂ ಹೇಳಿ ಎಂದರು. ಅಳಿಸುವ ಮುನ್ನ ತೆರೆದು ನೋಡಿ ಎಂದಷ್ಟೇ ಹೇಳಿ ಕೂತೆ.

ಮಹದೇವಮ್ಮನಿಗೆ ಹೇಳಿದ್ದು ಸುಳ್ಳು. ನರಸೀಪುರದ ಆ ಒಂದು ಕಡತ ಆಕೆಗೆ ಅಷ್ಟು ಕೊಟ್ಟಿತು. ವಾರಕ್ಕೆ ಮೂರು ದಿನ ನಂಜನಗೂಡಿನಲ್ಲಿ ಕೂತು ಅವರು ಏನು ಬರೆಯುತ್ತಿದ್ದರೋ ನನಗೆ ಗೊತ್ತಿಲ್ಲ. ಊಟದ ಬೆಲ್ ಹೊಡೆಯುವ ಮುಂಚೆ ಕೆಲಸ ಮುಗಿಸುವ ಅವಸರದಲ್ಲಿ, ಆ ಮನೆಯನ್ನು ನಾನು ಒಂದು ಸಲವೂ ತೆರೆದು ನೋಡಿರಲಿಲ್ಲ.